ಏಳನೇ ಠರಾವು

ನನಗೆ ಸಿಟ್ಟು ಬೇಗ ಬರುತ್ತದೆ. ಮೊದಲೇ ಹೇಳಿಬಿಟ್ಟರೆ ಆಮೇಲೆ ತಕರಾರು ಇರುವುದಿಲ್ಲ. ರಾಯಚೂರಿನಲ್ಲಿ ಗಡಿಗೆಪ್ಪ ಮಾಸ್ತರ ಎಂದರೆ ಹಳೆಯ ಶಿಕ್ಷಕರು ಈಗಲೂ ಒಮ್ಮೆ ಕಿವಿ ಸವರಿಕೊಳ್ಳುತ್ತಾರೆ. ಹುಡುಗರನ್ನಷ್ಟೇ ಅಲ್ಲ, ಹುಡುಗರಿಗೆ ಕಲಿಸುವವರನ್ನೂ ಬೈದವನು ನಾನು. ಆದರೆ ಈಗ ಹೇಳಹೊರಟಿರುವ ಸಂಗತಿಯಲ್ಲಿ ಬೈಸಿಕೊಳ್ಳಬೇಕಾದವನು ನಾನೇ. ಯಾರೂ ಬಾಯಿತುಂಬ ಬೈಯಲಿಲ್ಲ, ಆ ಸಂಕಟ ಹಾಗೇ ಉಳಿದಿದೆ.

೧೯೮೧ರ ಫೆಬ್ರವರಿ. ದೇವದುರ್ಗ ಮತ್ತು ಮಾನ್ವಿ ತಾಲೂಕಿನ ನಲವತ್ತು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ರಾಯಚೂರಿನಲ್ಲಿ ಹತ್ತು ದಿನದ ತರಬೇತಿ ಇತ್ತು. ವಿಷಯ ಪೌರನೀತಿ, ತರಬೇತಿ ಕೊಡುವವನು ನಾನು. ಆಗ ಪೌರನೀತಿ ಪಾಠವೆಂದರೆ ಏನು? ಗ್ರಾಮ ಪಂಚಾಯಿತಿಯ ಕರ್ತವ್ಯಗಳನ್ನು ಒಂದು, ಎರಡು, ಮೂರು ಎಂದು ಮಕ್ಕಳು ರಾಗವಾಗಿ ಒಪ್ಪಿಸುವುದು. ಪಂಚಾಯಿತಿ ಆಫೀಸು ಶಾಲೆಯ ಎದುರಿಗೇ ಇರುತ್ತದೆ, ಅದರೊಳಗೆ ಏನು ನಡೆಯುತ್ತದೆಂದು ಒಂದು ಹುಡುಗನಿಗೂ ಗೊತ್ತಿರುವುದಿಲ್ಲ. ಇದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಪಠ್ಯಪುಸ್ತಕ ಮುಚ್ಚಿ, ನಿಮ್ಮ ಊರಿನ ಅಸಲು ಕಾಗದ ತನ್ನಿ ಎಂದೆ. ಮತದಾರರ ಪಟ್ಟಿ, ಕೋರ್ಟಿನ ಸಮನ್ಸು, ಪಂಚಾಯಿತಿ ಸಭೆಯ ನಿರ್ಣಯ ಬರೆದ ಠರಾವು, ಏನಾದರೂ ಸರಿ. ಅದನ್ನು ಮಕ್ಕಳ ಕೈಗೆ ಕೊಡಿ, ಯಾರು ಬರೆದರು, ಯಾವಾಗ ಬರೆದರು, ಯಾತಕ್ಕೆ ಬರೆದರು ಎಂದು ಅವರೇ ಕೇಳಲಿ. ಮೂಲ ದಾಖಲೆ ಇಟ್ಟುಕೊಂಡು ಪಾಠ ಮಾಡುವುದೆಂದರೆ ಇದು. ಇಷ್ಟನ್ನೂ ನಾನೇ ಸ್ಟೆನ್ಸಿಲ್ ಹಾಳೆಯ ಮೇಲೆ ಬರೆದು, ಪ್ರತಿ ತೆಗೆಸಿ ಎಲ್ಲರಿಗೂ ಹಂಚಿದ್ದೆ. ಅಕ್ಷರ ಎಷ್ಟು ಚಂದ ಅವ ಎಂದು ಶಿಕ್ಷಕರು ಹೊಗಳಿದರು, ನಾನೂ ಉಬ್ಬಿದೆ.

ಮೂರನೆಯ ದಿನ ಒಬ್ಬಾಕೆ ಎದ್ದು ನಿಂತಳು. ಹೆಸರು ಶಹಜಾದಿ ಬೇಗಂ. ಮಾನ್ವಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಖಾಜಾಮಿಯಾನ ಮಗಳು, ಇಪ್ಪತ್ತೈದರ ಆಸುಪಾಸು, ತಲೆಯ ಮೇಲಿನ ಸೆರಗು ಜಾರಲು ಬಿಡದವಳು. ದೇವದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ ಕೆಲಸಕ್ಕಿದ್ದಳು. ಆ ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯ ಮಂದಿ ಇನ್ನೂ ಇದ್ದಾರೆ. ಗೂಗಲ್ ಎಂಬ ಊರಿನ ಬಸ್ಸಿನಲ್ಲಿ ಅರ್ಧ ದಾರಿ ಹೋಗಿ ಇಳಿದು ನಡೆಯಬೇಕು, ಅಷ್ಟು ಸಾಕು.

"ಸರ್, ಕಾಗದದಾಗ ಬರ್ದಿದ್ದು ನಡದೇ ಇಲ್ಲ ಅಂದ್ರ ಏನು ಮಾಡೋದ್ರಿ?" ಎಂದು ಕೇಳಿದಳು.

"ಏನ್ರೀ ಟೀಚರ, ಸಹಿ ಇರ್ತದ, ಶಿಕ್ಕಾ ಇರ್ತದ, ಹೆಬ್ಬೆಟ್ಟು ಇರ್ತದ. ಇನ್ನೇನು ದೇವರು ಬಂದು ಸಾಕ್ಷಿ ಹೇಳಬೇಕೇನು ನಿಮಗ?" ಎಂದೆ. ಕೋಣೆಯೆಲ್ಲ ನಕ್ಕಿತು. ಆಕೆ ಮುಖ ಕೆಂಪಗೆ ಮಾಡಿಕೊಂಡು ಕೂತಳು.

ಸಂಜೆ ಎಲ್ಲರೂ ಹೋದ ಮೇಲೆ ಅದೇ ಆಕೆ ನನ್ನ ಟೇಬಲ್ಲಿನ ಹತ್ತಿರ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ದಪ್ಪ ಪುಸ್ತಕ. "ಅಸಲು ತರ್ರಿ ಅಂದಿದ್ರಲ್ಲ ಸರ್, ಸೆಕ್ರೆಟರಿಯವ್ರನ್ನ ಕೇಳಿ ತಂದೀನಿ," ಎಂದು ಬಟ್ಟೆ ಬಿಚ್ಚಿದಳು. ಆ ಊರಿನ ಪಂಚಾಯಿತಿಯ ಠರಾವು ಪುಸ್ತಕ. ನಡುವೆ ಒಂದು ಪುಟ ತೆರೆದು, ಪಕ್ಕದಲ್ಲಿ ನಾನು ಹಂಚಿದ ಹಾಳೆಯನ್ನು ಇಟ್ಟಳು. ಎರಡೂ ಒಂದೇ ಕೈಯ ಬರಹ.

ನಾನು ಓದಬೇಕಾದ್ದೇ ಇರಲಿಲ್ಲ, ಆದರೂ ಓದಿದೆ. "ಠರಾವು ನಂಬರ್ ಏಳು. ಸದಸ್ಯರಾದ ಶ್ರೀಮತಿ ಆದೆಮ್ಮ ಇವರು ಸೂಚಿಸಿದ್ದೇನೆಂದರೆ, ಕೆಳಗಿನ ಕೇರಿಯಲ್ಲಿ ನೀರಿನ ಅನುಕೂಲ ಸಾಕಷ್ಟು ಇರುವುದರಿಂದ, ಸದರಿ ಕೇರಿಗೆ ಮಂಜೂರಾದ ಕೊಳವೆ ಬಾವಿಯನ್ನು ಊರ ಅಗಸಿ ಬಾಗಿಲಿನ ಹತ್ತಿರ ಕೊರೆಯಿಸುವುದು. ಸದರಿ ಸೂಚನೆಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು." ಕೆಳಗೆ ಸಹಿಗಳು. ಕೊನೆಯಲ್ಲಿ ಎರಡು ಹೆಬ್ಬೆಟ್ಟು, ಮೊದಲನೆಯದು ಮಸಿ ಹರಡಿ ಕೆಟ್ಟಿತ್ತು, ಎರಡನೆಯದು ಸರಿಯಾಗಿ ಬಿದ್ದಿತ್ತು. ಇಸವಿ ೧೯೭೪.

ಮರೆತಿದ್ದೆ ಎಂದರೆ ಸುಳ್ಳು. ನೆನೆಸಿಕೊಂಡಿರಲಿಲ್ಲ, ಅಷ್ಟೆ. ಆ ಊರಿನಲ್ಲಿ ನಾನು ಮೂರು ವರ್ಷ ಮಾಸ್ತರನಾಗಿದ್ದೆ. ಸೆಕ್ರೆಟರಿಗೆ ನಾಲ್ಕು ಊರು, ಆತ ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಪಂಚಾಯಿತಿಯ ಬರವಣಿಗೆಯೆಲ್ಲ ಮಾಸ್ತರನ ತಲೆಗೆ. ಸಭೆ ಎಂಬುದೇ ಇರಲಿಲ್ಲ. ಗೌಡರು ತಮ್ಮ ಕಟ್ಟೆಯ ಮೇಲೆ ಕೂತು ಹೇಳುವುದು, ನಾನು ಸರ್ಕಾರಿ ಭಾಷೆಯಲ್ಲಿ ಬರೆಯುವುದು, ಆಮೇಲೆ ಪುಸ್ತಕ ಕಂಕುಳಲ್ಲಿ, ಮಸಿಯ ಪ್ಯಾಡು ಜೇಬಿನಲ್ಲಿ ಇಟ್ಟುಕೊಂಡು ಮೆಂಬರುಗಳ ಮನೆ ಮನೆ ತಿರುಗಿ ಒತ್ತಿಸಿಕೊಂಡು ಬರುವುದು. ಹೆಂಗಸರ ಮೀಸಲು ಸ್ಥಾನದಲ್ಲಿದ್ದವರಿಗಂತೂ ಪಂಚಾಯಿತಿ ಆಫೀಸಿನ ಬಾಗಿಲು ಯಾವ ಕಡೆಗಿದೆ ಎಂದೂ ಗೊತ್ತಿರಲಿಲ್ಲ. ಎಲ್ಲ ಊರಲ್ಲೂ ಹಾಗೇ ನಡೆಯುತ್ತಿತ್ತು, ಯಾರಿಗೂ ಅದು ತಪ್ಪು ಅನ್ನಿಸುತ್ತಿರಲಿಲ್ಲ.

ಬರಗಾಲ ಮುಗಿಯುತ್ತಲೇ ಸರ್ಕಾರ ಬೋರಿಂಗು, ಅಂದರೆ ಕೊಳವೆ ಬಾವಿ ಕೊಟ್ಟಿತು. ಈ ಊರಿಗೆ ಬಂದದ್ದು ಒಂದೇ, ಅದೂ ಕೆಳಗಿನ ಕೇರಿಯ ಹೆಸರಿನಲ್ಲಿ. ಗೌಡರು ನನ್ನನ್ನು ಕರೆದು, "ಅದು ಅಗಸಿ ಕಡಿ ಬೀಳ್ಲಿ ಮಾಸ್ತರ. ಕೇರಿ ಮೆಂಬರೇ ಬ್ಯಾಡ ಅಂದಾಳ ಅಂತ ಬರಕೊಳ್ರಿ. ನಿಮ್ಮ ರಾಯಚೂರು ವರ್ಗದ ಮಾತು ನಾ ನೋಡ್ಕೋತೀನಿ," ಎಂದರು. ನಾನು ಬರೆದೆ. ಆದೆಮ್ಮನ ಮನೆಯ ಹೊರಗೆ ನಿಂತು ಪ್ಯಾಡು ಚಾಚಿದೆ. "ಏನ್ರೀ ಯಪ್ಪಾ ಇದು?" ಎಂದಳು. "ಊರಿಗೆ ಬೋರಿಂಗು ಬರ್ತದ, ಒತ್ತವ್ವ," ಎಂದೆ. ಆಕೆಗೆ ಎಷ್ಟು ಖುಷಿಯೆಂದರೆ ಮೊದಲ ಸಲ ಜೋರಾಗಿ ಒತ್ತಿ ಕೆಡಿಸಿದಳು, ನಗುತ್ತ ಇನ್ನೊಮ್ಮೆ ಒತ್ತಿದಳು. ಮರುವರ್ಷ ನನಗೆ ರಾಯಚೂರಿಗೆ ವರ್ಗವಾಯಿತು.

"ಆದೆಮ್ಮ ಈಗ ನಮ್ಮ ಸಾಲಿ ಕಸ ಹೊಡಿತಾಳ್ರಿ ಸರ್," ಶಹಜಾದಿ ಬೇಗಂ ಹೇಳತೊಡಗಿದಳು. ಬೋರಿಂಗು ಯಾಕೆ ತಪ್ಪಿತೆಂದು ಕೇರಿಯವರು ಕೇಳಲು ಹೋದಾಗ ಗೌಡರು ಈ ಪುಟ ತೆಗೆಸಿ ಓದಿಸಿದ್ದರಂತೆ, ನಿಮ್ಮಾಕೀನೇ ಬ್ಯಾಡ ಅಂದಾಳ ನೋಡ್ರಿ ಎಂದು. ಅಗಸಿಯ ಬೋರಿಂಗನ್ನು ಕೇರಿಯವರು ಮುಟ್ಟುವಂತಿಲ್ಲ. ಏಳು ವರ್ಷದಿಂದ ಅವರು ಹಳ್ಳದ ಮರಳಿನಲ್ಲಿ ವರತಿ ತೋಡಿ ನೀರು ತರುತ್ತಿದ್ದಾರೆ. ತಾನು ಹಾಗೆ ಹೇಳಿಲ್ಲ ಎಂದು ಆದೆಮ್ಮ ಎಷ್ಟು ಆಣೆ ಮಾಡಿದರೂ, ಪುಸ್ತಕದಾಗ ಬರ್ದದಲ್ಲ ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು. ಹಳ್ಳದಲ್ಲಿ ಆಕೆಯ ತುಂಬಿದ ಕೊಡ ತಲೆಗೇರಿಸಲು ಯಾರೂ ಕೈ ಹಚ್ಚುವುದಿಲ್ಲ. ಗಂಡ ಸತ್ತಾಗ ಗಂಡಸರು ಬಂದು ಮಣ್ಣು ಮಾಡಿ ಹೋದರು, ಹೆಂಗಸರು ಒಬ್ಬರೂ ಪಕ್ಕ ಕೂರಲಿಲ್ಲ.

"ಮುಂದಿನ ತಿಂಗಳು ಆಕೀ ಮಗಳು ಹಂಪಮ್ಮನ ಲಗ್ನ ಅದ್ರಿ. ಮದುಮಗಳಿಗೆ ಎರಿಯೋ ಸುರಿಗಿಗೆ ಕೇರಿಯ ಐದು ಮಂದಿ ಮುತ್ತೈದೇರು ನೀರು ಹೊತ್ತು ತರಬೇಕಂತ. ನೀರು ತಪ್ಪಿಸಿದಾಕಿ ಮನಿಗೆ ನಾವ್ಯಾಕ ನೀರು ತರೋಣು ಅಂತ ಎಲ್ಲಾರೂ ಕುಂತುಬಿಟ್ಟಾರ. ಸುರಿಗಿ ಇಲ್ಲ ಅಂದ್ರ ಬೀಗ್ರು ಲಗ್ನ ಬ್ಯಾಡ ಅಂತಾರ್ರಿ. ಸರ್, ನೀವು ಒಂದು ದಿನ ಬರ್ರಿ."

"ಬಂದು? ಊರ ಮುಂದ ನನ್ನ ಬತ್ತಲೆ ನಿಲ್ಲಸಬೇಕಂತಿ ಹೌದಲ್ಲ? ಅದಕ್ಕೇ ಈ ಪುಸ್ತಕ ಹೊತ್ಕೊಂಡು ಬಂದೀ?" ಎಂದು ಕೂಗಿದೆ. ನೀವು ಎನ್ನುವುದೂ ಬಾಯಿಗೆ ಬರಲಿಲ್ಲ.

ಆಕೆ ಹೆದರಿದ್ದಳು, ಆದರೂ ಹೇಳಿದಳು: "ಯಾರು ಬರದ್ರು, ಯಾಕ ಬರದ್ರು ಅಂತ ಕೇಳಾಕ ನೀವ ಕಲಿಸಿದ್ರಿ ಸರ್. ನಾ ಕೇಳಾಕತ್ತೀನಿ."

ನಡಿ ಆಚೆ ಎಂದೆ. ಆಕೆ ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು.

ಉಳಿದ ಏಳು ದಿನ ನಾನು ಪಾಠ ಮಾಡಿದ್ದು ದೇವರಿಗೇ ಪ್ರೀತಿ. ಮೂಲ ದಾಖಲೆ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ಕಣ್ಣು ಮೂರನೆಯ ಸಾಲಿನ ಬೆಂಚಿಗೆ ಹೋಗುತ್ತಿತ್ತು. ಆಕೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಹೇಳುವೆನೆಂದು ಹೆದರಿಸಲೂ ಇಲ್ಲ. ಹೆದರಿಸಿದ್ದರೆ ಒಳ್ಳೆಯದಿತ್ತು, ಜಗಳ ತೆಗೆದು ಹಗುರಾಗುತ್ತಿದ್ದೆ. ಕೊನೆಯ ದಿನ ಆಕೆಯನ್ನು ಕರೆದು, "ಸೋಮವಾರ ನಿಮ್ಮ ಸಾಲಿಗೆ ಪಾಠ ನೋಡಾಕ ಬರ್ತೀನಿ. ತಯಾರಿ ಮಾಡಿಕೊಳ್ರಿ," ಎಂದಷ್ಟೇ ಹೇಳಿದೆ.

ಸೋಮವಾರ ಹೋದೆ. ಶಾಲೆ ಹಾಗೇ ಇತ್ತು, ಗೋಡೆಗೆ ಹೊಸ ಸುಣ್ಣ ಬಿದ್ದಿತ್ತು. ಏಳನೆಯ ತರಗತಿ, ಇಪ್ಪತ್ತಾರು ಮಕ್ಕಳು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಶಹಜಾದಿ ಬೇಗಂ ಪುಸ್ತಕ ತೆರೆದು ಏಳನೇ ಠರಾವನ್ನು ಒಬ್ಬ ಹುಡುಗನಿಂದ ಗಟ್ಟಿಯಾಗಿ ಓದಿಸಿದಳು. ಆಮೇಲೆ ಬಾಗಿಲ ಹೊರಗೆ ನಿಂತಿದ್ದ ಆದೆಮ್ಮನನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂಡಿಸಿದಳು. ಆದೆಮ್ಮ ಕುರ್ಚಿಯ ತುದಿಗೆ ಕೂತಳು. ನಲವತ್ತೈದು ದಾಟಿರಲಿಕ್ಕಿಲ್ಲ, ಕೂದಲೆಲ್ಲ ಬೆಳ್ಳಗಾಗಿತ್ತು.

"ಮಕ್ಕಳಾ, ಕಾಗದ ಹೇಳಿದ್ದು ಕೇಳಿದ್ರಿ. ಈಗ ಆ ಕಾಗದದಾಗ ಹೆಸರು ಇರೋರನ್ನ ಕೇಳ್ರಿ," ಎಂದಳು ಶಹಜಾದಿ ಬೇಗಂ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಒಂದು ಹುಡುಗಿ ಎದ್ದು, "ಯವ್ವಾ, ಆ ಮೀಟಿಂಗಿನಾಗ ನೀ ಎಲ್ಲಿ ಕುಂತಿದ್ದಿ?" ಎಂದಳು.

"ಯಾವ ಮೀಟಿಂಗು ನಮ್ಮವ್ವ? ನಾ ಎಲ್ಲಿಗೂ ಹೋಗಿಲ್ಲ. ಪುಸ್ತಕ ಮನಿಗೇ ಬಂದಿತ್ತು."

"ಯಾರು ತಂದಿದ್ರು?"

ಆದೆಮ್ಮ ತಲೆಯೆತ್ತಿ ಹಿಂದಿನ ಬೆಂಚಿನ ಕಡೆ ನೋಡಿದಳು. ಒಳಗೆ ಬಂದಾಗಲೇ ಗುರುತು ಹಿಡಿದಿದ್ದಳೆಂದು ಆಗ ಗೊತ್ತಾಯಿತು. "ಅಲ್ಲಿ ಕುಂತಾರಲ್ಲ, ಆ ಮಾಸ್ತರು," ಎಂದಳು.

ಇಪ್ಪತ್ತಾರು ತಲೆಗಳು ತಿರುಗಿದವು. ಇನ್‌ಸ್ಪೆಕ್ಟರುಗಳ ಮುಂದೆ, ಎಮ್ಮೆಲ್ಲೆಗಳ ಮುಂದೆ ಮಾತಾಡಿದವನು ನಾನು, ಆ ಮಕ್ಕಳ ಮುಂದೆ ಬೆಂಚಿಗೇ ಅಂಟಿಕೊಂಡು ಕೂತೆ. ಆಗ ಮೊದಲು ಓದಿದ ಹುಡುಗನೇ ನನ್ನನ್ನು ಕೇಳಿದ: "ಸರ್ರ, ಇದನ್ನ ನೀವ ಬರ್ದಿರೇನ್ರಿ?"

"ಹೌದಪ್ಪ," ಎಂದೆ. "ನಾನೇ ಬರದೀನಿ. ಆಕಿ ಹಂಗ ಅಂದಿಲ್ಲ. ಮೀಟಿಂಗು ಆಗೇ ಇಲ್ಲ."

ತರಗತಿ ಬಿಟ್ಟ ಮೇಲೆ ಮೂವರೇ ಉಳಿದೆವು. ಶಹಜಾದಿ ಬೇಗಂ ಒಂದು ಬಿಳಿ ಹಾಳೆ ತಂದಿಟ್ಟಳು. ಬರೆದು ಸಹಿ ಹಾಕಿ ಕೊಡಿ, ಬಾಯಿಮಾತು ಕೇರಿಯಲ್ಲಿ ನಿಲ್ಲುವುದಿಲ್ಲ ಎಂದಳು. ಸರಿ ಎಂದೆ. ಬರೆಯುವುದು ನನಗೇನು ಹೊಸದೇ? ಐದು ನಿಮಿಷದಲ್ಲಿ ಬರೆದು ಮುಗಿಸಿ ಸಹಿ ಮಾಡಿದೆ. ಆದೆಮ್ಮನದೂ ಇರಲಿ ಎಂದು ಮಸಿಯ ಪ್ಯಾಡನ್ನು ಆಕೆಯ ಕಡೆ ಸರಿಸಿದೆ. ಆಕೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮೊದಲು ಓದ್ರಿ," ಎಂದಳು.

ಓದಿದೆ. "ಸದರಿ ಠರಾವಿನಲ್ಲಿ ಶ್ರೀಮತಿ ಆದೆಮ್ಮ ಇವರ ಹೆಸರು ಕಣ್ತಪ್ಪಿನಿಂದ ನಮೂದಾಗಿರುವುದು ಕಂಡುಬಂದಿದ್ದು..." ಎಂದು ಶುರುವಾಗಿತ್ತು. ಆಕೆ ಕೈ ಅಡ್ಡ ಮಾಡಿದಳು.

"ಕಣ್ತಪ್ಪು ಯಾರದ್ರಿ ಯಪ್ಪಾ? ನನ್ನದಾ, ನಿಮ್ಮದಾ?"

ಬೇಕೆಂದು ಮಾಡಿದ್ದಲ್ಲ. ಪೆನ್ನು ಹಿಡಿದರೆ ಕೈ ತಾನಾಗಿ ಹಾಗೇ ಬರೆಯುತ್ತದೆ, ಯಾರ ತಪ್ಪೂ ಯಾರ ಮೈಮೇಲೂ ಬೀಳದ ಹಾಗೆ. ಮಕ್ಕಳ ಮುಂದೆ ಒಪ್ಪಿಕೊಂಡು ಅರ್ಧ ತಾಸು ಆಗಿರಲಿಲ್ಲ, ಅದೇ ಆಕೆಯ ಮುಂದೆ, ಅದೇ ಕೈಯಿಂದ ಇನ್ನೊಂದು ಸುಳ್ಳು ಬರೆದು ಒತ್ತವ್ವ ಎಂದಿದ್ದೆ. ಥೂ ನಿನ್ನ ಎಂದುಕೊಂಡೆ. ಹಾಳೆ ಹರಿದು ಹಾಕಿ ಆಕೆಗೆ ತಿಳಿಯುವ ಮಾತಿನಲ್ಲಿ ಬರೆದೆ. ಸಭೆ ನಡೆಯಲಿಲ್ಲ. ಆದೆಮ್ಮ ಏನೂ ಹೇಳಲಿಲ್ಲ. ಗೌಡರು ಹೇಳಿದರು, ನನಗೆ ರಾಯಚೂರಿಗೆ ವರ್ಗ ಬೇಕಾಗಿತ್ತು, ಅದಕ್ಕೆ ನಾನು ಸುಳ್ಳು ಬರೆದೆ. ಆಕೆಗೆ ಓದಿ ಹೇಳದೆ ಒತ್ತಿಸಿಕೊಂಡೆ.

ಆದೆಮ್ಮ ಎರಡು ಸಲ ಓದಿಸಿಕೊಂಡಳು. ಆಮೇಲೆ, "ಇನ್ನೊಂದು ಮಾತು ಬರೀರಿ. ಏನದ ಅಂತ ಓದಿಸಿಕೊಳ್ಳದ ನಾನು ಒತ್ತಿದೆ. ಅದು ನನ್ನ ತಪ್ಪು," ಎಂದಳು.

"ಅದ್ಯಾಕವ್ವ? ಅದನ್ನ ಬರದ್ರ ಮತ್ತ ನಿನ್ನ ಮ್ಯಾಲೇ ಬರ್ತದ," ಎಂದೆ.

"ಬರ್ಲಿ. ಅಷ್ಟು ನಂದು ಅದ. ಅದನ್ನ ಬಿಟ್ಟು ಬರದ್ರ ಇದೂ ನಿಮ್ಮ ಆ ಪುಸ್ತಕದಂಗೇ ಆಗ್ತದ್ರಿ."

ಶಹಜಾದಿ ಬೇಗಂ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಬರೆದೆ. ಆದೆಮ್ಮ ಒತ್ತಿದಳು. ಆ ಕಾಗದದ ಸುದ್ದಿ ಮುಂದೆ ಮೇಲಿನವರ ತನಕ ಹೋಗಿ ನನಗೆ ನೋಟಿಸು ಬಂತು, ತರಬೇತಿಯ ಕೆಲಸ ಹೋಯಿತು, ಮಟಮಾರಿ ಎಂಬ ಹಳ್ಳಿಯ ಶಾಲೆಗೆ ಎತ್ತಿ ಹಾಕಿದರು. ಅದಕ್ಕೆ ನನ್ನ ತಕರಾರಿಲ್ಲ.

ಹೊತ್ತು ಇಳಿಯುವ ಮುಂದೆ ಕೆಳಗಿನ ಕೇರಿಗೆ ಹೋದೆವು. ಹೊಲದಿಂದ ಬಂದ ಹೆಂಗಸರು ಬೇವಿನ ಗಿಡದ ಕೆಳಗೆ ಕೂಡಿದರು, ಇಪ್ಪತ್ತು ಮಂದಿ ಇದ್ದಿರಬೇಕು. ಮುಂದೆ ಕೂತಾಕೆ ಸೂಗಮ್ಮ. ಆದೆಮ್ಮನ ಪಕ್ಕದ ಮನೆಯವಳು, ಸುರಿಗಿಗೆ ಯಾರೂ ಹೋಗಬಾರದೆಂದು ಮೊದಲು ಹೇಳಿದವಳು. ಆ ದಿನ ನಾನು ಪ್ಯಾಡು ಹಿಡಿದು ಹೊರಗೆ ನಿಂತಿದ್ದ ಕೇರಿ ಅದು. ಈ ಸಲ ನೆಲದ ಮೇಲೆ ಕೂತೆ. ಓದಿದೆ.

ಸೂಗಮ್ಮ ಕೇಳಿದಳು: "ಇದನ್ನ ಬರದ ಮ್ಯಾಲ ಬೋರಿಂಗು ತಿರುಗಿ ಬರ್ತದೇನ್ರಿ?"

"ಇಲ್ಲವ್ವ."

"ಹಂಗಾದ್ರ ಈ ಏಳು ವರ್ಷದ ನೀರು?"

ಆಕೆ ಕಾಗದದ ಕಡೆ ಬೆರಳು ಮಾಡಿದಳು. "ಓದಿಸಿಕೊಳ್ಳದ ಒತ್ತಿದೆ ಅಂತ ಅದಲ್ಲ, ಅದನ್ನ ಇನ್ನೊಮ್ಮೆ ಓದ್ರಿ," ಎಂದಳು. ಓದಿದೆ.

"ರೇಷನ್ ಕಾರ್ಡಿಗೆ ಒತ್ತೀನಿ, ಸೊಸೈಟಿ ಕಾಗದಕ್ಕ ಒತ್ತೀನಿ," ಎಂದು ಸೂಗಮ್ಮ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. "ಒಂದನ್ನೂ ಓದಿಸಿಲ್ಲ ನಾನು. ನನ್ನ ಹೆಸರಿನಾಗ ಏನೇನು ಬರಕೊಂಡಾರೋ ಯಾರಿಗೆ ಗೊತ್ತು." ಹಿಂದೆ ಕೂತ ಹೆಂಗಸರು ತಲೆ ತಗ್ಗಿಸಿದರು. ಆಕೆ ಎದ್ದು ಹೋಗಿ ಆದೆಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ಹಂಪಮ್ಮನ ಸುರಿಗಿ ನೀರು ನಾ ತರ್ತೀನಿ. ಉಳದ ನಾಕು ಮಂದೀನೂ ನಾನೇ ಕರಕೊಂಡು ಬರ್ತೀನಿ. ಗಂಡ ಸತ್ತಾಗ ನಿನ್ನ ಪಕ್ಕ ಕೂಡಲಿಲ್ಲಲ್ಲ ಆದೆಮ್ಮಾ, ಅದನ್ನೇನು ಮಾಡಲಿ?"

ಆದೆಮ್ಮ ಅಷ್ಟು ಹೊತ್ತು ಗಟ್ಟಿಯಾಗಿದ್ದಳು. ಆಗ ಬಾಯಿ ಬಿಟ್ಟು ಅತ್ತಳು, ಗಂಡ ಅವತ್ತೇ ಸತ್ತವನ ಹಾಗೆ ಅತ್ತಳು. ಹೆಂಗಸರು ಒಬ್ಬೊಬ್ಬರೇ ಬಂದು ಸುತ್ತ ಕೂತರು. ನನಗೂ ಕಣ್ಣು ತುಂಬಿತು. ಎದೆಯ ಮೇಲಿನ ಭಾರ ಇಳಿದ ಹಾಗಾಗಿ, ನಾಚಿಕೆಯಿಲ್ಲದೆ ಬಾಯಿ ತೆರೆದೆ.

"ಲಗ್ನಕ್ಕ ನಾನೂ ಬರ್ತೀನವ್ವ," ಎಂದೆ.

"ನೀವು ಬರಬ್ಯಾಡ್ರಿ ಮಾಸ್ತರ," ಎಂದಳು ಸೂಗಮ್ಮ.

ನಾನು ಆದೆಮ್ಮನ ಮುಖ ನೋಡಿದೆ. ಇರಲಿ ಬಿಡವ್ವ, ಬರ್ಲಿ ಎನ್ನುತ್ತಾಳೆಂದು ಕಾದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು, ಮೂಗು ಸೀಟಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೌದ್ರಿ ಯಪ್ಪಾ. ನೀವು ಬರಬ್ಯಾಡ್ರಿ," ಎಂದಳು.

ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಶಹಜಾದಿ ಬೇಗಂ ಏಳಲಿಲ್ಲ, ಹೆಂಗಸರು ಸರಿದು ತಮ್ಮ ನಡುವೆ ಆಕೆಗೆ ಜಾಗ ಮಾಡಿಕೊಟ್ಟಿದ್ದರು. ದೇವದುರ್ಗದ ಬಸ್ಸು ಹಿಡಿಯಲು ನಾನೊಬ್ಬನೇ ನಡೆದೆ.